ಲ್ಯಾಟಿನ್‌ನ ‘ಅರ್ಕೆಸ್ಸೋ’: ನಾನು ಓದುವ, ಕನ್ನಡಕ್ಕೆ ತರುವ ಕ್ರಮ

ನಿಘಂಟಿನಲ್ಲಿ ‘ಅರ್ಕೆಸ್ಸೋ’ ಎದುರಿಗೆ ಇಂಗ್ಲಿಷಿನ ‘ಸಮನ್’ ಇರುತ್ತದೆ. ಅದನ್ನು ನೋಡಿ ಕನ್ನಡದಲ್ಲಿ ‘ಕರೆ’ ಎಂದು ಗುರುತು ಹಾಕಿಕೊಂಡರೆ ಮುಂದೆ ಹತ್ತಾರು ಕಡೆ ಎಡವುತ್ತೀರಿ. ನಾನು ಬರೆದುಕೊಳ್ಳುವುದು ಎರಡು ಪದ: ಜನರಾದರೆ ‘ಕರೆಸು’, ವಸ್ತುವಾದರೆ ‘ತರಿಸು’. ಕೂಗಿ ಕರೆಯುವವನು ಬೇರೆ, ಆಳು ಕಳಿಸಿ ಕರೆಸುವವನು ಬೇರೆ. ಈ ಕ್ರಿಯಾಪದ ಬಂದಲ್ಲೆಲ್ಲ ನಡುವೆ ಒಂದು ದೂರವಿರುತ್ತದೆ, ದೂತನೋ ಓಲೆಯೋ ಇರುತ್ತದೆ, ಕರೆಸಿಕೊಂಡವನಿಗೆ ಬಂದವರಿಂದ ಆಗಬೇಕಾದ ಕೆಲಸವೂ ಇರುತ್ತದೆ. ಇಂಗ್ಲಿಷಿಗೆ ಇದನ್ನು ಒಂದೇ ಪದದಲ್ಲಿ ಹೇಳುವುದು ಕಷ್ಟ. ನಮಗೆ ‘ಇಸು’ ಪ್ರತ್ಯಯ ಸಾಕು.

ಅರ್ಥಕ್ಕೆ ಹೋಗುವ ಮೊದಲು ನಾಲ್ಕು ಮುಖ್ಯ ರೂಪಗಳನ್ನು ಬಾಯಿಪಾಠ ಮಾಡಲೇಬೇಕು: ಅರ್ಕೆಸ್ಸೋ, ಅರ್ಕೆಸ್ಸೆರೆ, ಅರ್ಕೆಸ್ಸೀವೀ, ಅರ್ಕೆಸ್ಸೀತುಮ್. ಕನ್ನಡ ಲಿಪಿಯಲ್ಲೇ ಬರೆದುಕೊಳ್ಳಿ. ನಮ್ಮಲ್ಲಿ ಎ-ಏ, ಒ-ಓ ಬೇರೆ ಬೇರೆ ಇರುವುದರಿಂದ ಲ್ಯಾಟಿನ್ನಿನ ಹ್ರಸ್ವ-ದೀರ್ಘ ಯಾವ ಗೆರೆಯನ್ನೂ ಎಳೆಯದೆ ಕಣ್ಣಿಗೆ ಕಾಣುತ್ತದೆ. ದೇವನಾಗರಿಯಲ್ಲಿ ಬರೆದುಕೊಳ್ಳುವವರಿಗೆ ಈ ಸೌಕರ್ಯವಿಲ್ಲ. ವರ್ತಮಾನದಲ್ಲಿ ಇದು ಮೂರನೇ ಗಣದ (ಲ್ಯಾಟಿನ್ ಕ್ರಿಯಾಪದಗಳ ರೂಪಾವಳಿಯ ವರ್ಗ) ಕ್ರಿಯಾಪದ, ಭೂತಕಾಲದಲ್ಲಿ ಮಾತ್ರ ನಾಲ್ಕನೇ ಗಣದ ವೇಷ. ‘ಪೆತೋ, ಪೆತೆರೆ, ಪೆತೀವೀ, ಪೆತೀತುಮ್’ ಬರುವವರಿಗೆ ಇದು ಹೊಸದಲ್ಲ. ‘ಲಕೆಸ್ಸೋ’ (ಕೆಣಕು) ಕೂಡ ಇದೇ ಅಚ್ಚು.

ಈ ಮಿಶ್ರಣದಿಂದಲೇ ತಪ್ಪುಗಳು ಹುಟ್ಟುತ್ತವೆ. ‘ಅರ್ಕೆಸ್ಸೆತ್’ ಎಂದರೆ ‘ಕರೆಸುವನು’, ಭವಿಷ್ಯತ್. ‘ಅರ್ಕೆಸ್ಸತ್’ ಎಂದರೆ ‘ಕರೆಸಲಿ’. ಒಂದನೇ ಗಣವನ್ನು ಮೊದಲು ಕಲಿತವರು ಇವೆರಡನ್ನು ಅದಲುಬದಲು ಓದುತ್ತಾರೆ, ಯಾಕೆಂದರೆ ಅಲ್ಲಿ ‘ಎತ್’ ಬಂದರೆ ಅದು ‘ಲಿ’ ಅರ್ಥ. ‘ಅರ್ಕೆಸ್ಸೀಸ್ಸೆತ್’ ಕಂಡು ಬೆದರಬೇಕಿಲ್ಲ. ಅದು ‘ಅರ್ಕೆಸ್ಸೀವಿಸ್ಸೆತ್’ ನಡುವಿನ ‘ವಿ’ ಕಳೆದುಕೊಂಡ ರೂಪ. ‘ಅರ್ಕೆಓ’ ಎಂಬ ಬೇರೊಂದು ಕ್ರಿಯಾಪದವಿದೆ, ಅರ್ಥ ‘ದೂರ ಇಡು, ತಡೆ’. ಹತ್ತಿರ ಬರಿಸುವುದಕ್ಕೂ ದೂರ ಇಡುವುದಕ್ಕೂ ನಡುವೆ ಇರುವುದು ಒಂದು ಒತ್ತಕ್ಷರ! ‘ಸ್ಸ’ ಇದೆಯೇ ಎಂದು ನೋಡಿ ಮುಂದೆ ಹೋಗಿ.

ಹಸ್ತಪ್ರತಿಗಳಲ್ಲಿ ‘ಅಕ್ಕೆರ್ಸೋ’ ಎಂಬ ರೂಪವೂ ಧಾರಾಳವಾಗಿ ಸಿಗುತ್ತದೆ. ಅರ್ಥ ಒಂದೇ. 1879ರ ಲೂಯಿಸ್ ಮತ್ತು ಶಾರ್ಟ್ ನಿಘಂಟಿನಲ್ಲಿ ಹುಡುಕುವಾಗ ‘ಅರ್ಕೆಸ್ಸೋ’ ಕೆಳಗೇ ಎರಡನ್ನೂ ನೋಡಿ. ಮೊದಲಿನ ‘ಅರ್’ ಎಂಬುದು ‘ಅದ್’ (ಕಡೆಗೆ) ಉಪಸರ್ಗದ ಹಳೆಯ ರೂಪ ಎಂದೇ ಸಾಮಾನ್ಯ ಅಭಿಪ್ರಾಯ, ಕ್ರಿ.ಪೂ. 186ರ ಬಾಕನಾಲಿಯಾ (ಮದ್ಯದೇವತೆ ಬಾಕಸನ ಉತ್ಸವ) ಕುರಿತ ರೋಮನ್ ಶಾಸನದಲ್ಲಿ ‘ಅದ್ವೆರ್ಸುಮ್’ ಬರಬೇಕಾದಲ್ಲಿ ‘ಅರ್ವೊರ್ಸುಮ್’ ಎಂದೇ ಕೆತ್ತಿದ್ದಾರೆ. ಉಳಿದರ್ಧ ಎಲ್ಲಿಂದ ಬಂತೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ, ಓದುವವರಿಗೆ ಅದರಿಂದ ನಷ್ಟವೂ ಇಲ್ಲ.

ವಾಕ್ಯ ಸಿಕ್ಕಾಗ ನಾನು ಹುಡುಕುವುದು ಇಷ್ಟು: ಯಾರು ಕರೆಸಿದರು, ಯಾರನ್ನು ಅಥವಾ ಏನನ್ನು, ಎಲ್ಲಿಂದ, ಯಾತಕ್ಕೆ. ನಾಲ್ಕೂ ಸಿಗದೆ ಅನುವಾದಕ್ಕೆ ಕೈ ಹಾಕುವುದಿಲ್ಲ. ಸೀಸರನ ಗಾಲ್ ಯುದ್ಧದ ಬರಹ ಇದಕ್ಕೆ ಒಳ್ಳೆಯ ಗರಡಿ. ಮೂರನೇ ಪುಸ್ತಕದ 9ನೇ ಭಾಗದಲ್ಲಿ ಗಾಲ್ ಕರಾವಳಿಯ ಬುಡಕಟ್ಟಾದ ವೆನೆತಿಯರು ‘ಔಕ್ಸಿಲಿಅ ಎಕ್ಸ್ ಬ್ರಿತನ್ನಿಆ ಅರ್ಕೆಸ್ಸುಂತ್’. ಸಹಾಯಪಡೆಯನ್ನು, ಬ್ರಿಟನ್ನಿನಿಂದ, ಕರೆಸಿಕೊಳ್ಳುತ್ತಾರೆ. ‘ಎಕ್ಸ್’ ಇರುವುದರಿಂದ ಪಂಚಮಿಯ ಬಗ್ಗೆ ಗೊಂದಲವಿಲ್ಲ. ಒಂದನೇ ಪುಸ್ತಕದ 31ನೇ ಭಾಗ ಹಾಗಲ್ಲ: ‘ಅಬ್ ಅರ್ವೆರ್ನೀಸ್ ಸೇಕ್ವನೀಸ್‌ಕ್ವೆ ಗೆರ್ಮಾನೀ ಮೆರ್ಕೇದೆ ಅರ್ಕೆಸ್ಸೆರೆಂತುರ್’. ಅರ್ವೆರ್ನಿಯರು, ಸೇಕ್ವನಿಯರು ಗಾಲ್‌ನ ಎರಡು ಬುಡಕಟ್ಟುಗಳು. ಇಲ್ಲಿ ‘ಅಬ್’ ಇದೆ. ಅದು ‘ಅಲ್ಲಿಂದ’ ಎಂದೂ ಆಗಬಹುದು, ಕರ್ಮಣಿ ಪ್ರಯೋಗದಲ್ಲಿ ‘ಅವರಿಂದ’ ಎಂದೂ ಆಗಬಹುದು. ಕನ್ನಡದ ‘ಇಂದ’ಕ್ಕೂ ಇದೇ ಇಬ್ಬಂದಿತನ. ‘ಅರ್ವೆರ್ನಿಯರಿಂದ ಜರ್ಮನರು ಕರೆಸಲ್ಪಟ್ಟರು’ ಎಂದು ಬರೆದರೆ ಜರ್ಮನರು ಅರ್ವೆರ್ನಿಯರ ಊರಿನಿಂದ ಬಂದರೇನೋ ಎಂದು ಓದುಗ ನಿಂತುಬಿಡುತ್ತಾನೆ. ಅದಕ್ಕೇ ಕರ್ಮಣಿಯನ್ನು ಮುರಿದು ಕರ್ತರಿಗೆ ತಿರುಗಿಸುತ್ತೇನೆ: ‘ಅರ್ವೆರ್ನಿಯರೂ ಸೇಕ್ವನಿಯರೂ ಸಂಬಳ ಕೊಟ್ಟು ಜರ್ಮನರನ್ನು ಕರೆಸಿಕೊಂಡರು.’ ‘ಮೆರ್ಕೇದೆ’ ಎಂಬ ಒಂದೇ ಪದಕ್ಕೆ ‘ಸಂಬಳ ಕೊಟ್ಟು’ ಎಂಬ ಎರಡು ಪದ ಬೇಕಾಯಿತು, ಬೇಕಾಗಲಿ. ‘ಕೊಳ್ಳು’ ಸೇರಿಸಿದ್ದಕ್ಕೂ ಕಾರಣವಿದೆ: ಕರೆಸಿದ್ದು ತಮ್ಮ ಲಾಭಕ್ಕೆ. ಆ ಲಾಭ ಎಷ್ಟಾಯಿತು ಎನ್ನುವುದು ಅದೇ ಭಾಗದಲ್ಲಿದೆ. ಮೊದಲು ರೈನ್ ದಾಟಿದವರು ಸುಮಾರು 15,000, ಆಮೇಲೆ 1,20,000.

ಅದೇ ಪುಸ್ತಕದ 44ನೇ ಭಾಗದಲ್ಲಿ ಜರ್ಮನರ ದೊರೆ ಅರಿಓವಿಸ್ತುಸ್ ಇದೇ ಮಾತನ್ನು ತನ್ನ ಸಮರ್ಥನೆಗೆ ತಿರುಗಿಸುತ್ತಾನೆ. ತಾನು ರೈನ್ ದಾಟಿದ್ದು ಸ್ವಂತ ಇಚ್ಛೆಯಿಂದಲ್ಲ, ‘ರೊಗಾತುಮ್ ಎತ್ ಅರ್ಕೆಸ್ಸೀತುಮ್’, ಗಾಲರು ಕೇಳಿಕೊಂಡು ಕರೆಸಿಕೊಂಡದ್ದರಿಂದ. ಈ ಜೋಡಿಯನ್ನು ಒಂದು ಗುಂಪಾಗಿ ನೆನಪಿಡಿ. ರೋಮಿನ ವಾಗ್ಮಿ ಸಿಸೆರೊ ದೇವತೆಗಳ ಸ್ವರೂಪದ ಬಗ್ಗೆ ಬರೆದ ಗ್ರಂಥದ ಮೊದಲಲ್ಲಿ, ಗೆಳೆಯ ಕೊತ್ತನ ಮನೆಗೆ ತಾನು ಹೋದದ್ದು ‘ರೊಗಾತೂ ಅರ್ಕೆಸ್ಸೀತೂಕ್ವೆ’ ಎನ್ನುತ್ತಾನೆ, ಅವನೇ ಕೇಳಿ ಹೇಳಿಕಳಿಸಿದ್ದಕ್ಕೆ. ‘ಹೇಳಿಕಳಿಸು’ ಎಂಬುದು ಇಂಥ ಗೆಳೆತನದ ಸಂದರ್ಭಕ್ಕೆ ‘ಕರೆಸು’ಗಿಂತ ಹಿತ. ಎಲ್ಲ ಕಡೆ ಒಂದೇ ಪದ ಹಿಡಿದು ಕೂರುವ ಅನುವಾದಕರ ಬಗ್ಗೆ ನನಗೆ ಅಷ್ಟೇನೂ ಗೌರವವಿಲ್ಲ. ತೆರೆನ್ಸನ ನಾಟಕಗಳಲ್ಲಿ ಮದುಮಗಳನ್ನು ಗಂಡನ ಮನೆಗೆ ಕರೆತರುವುದಕ್ಕೂ ಇದೇ ಕ್ರಿಯಾಪದ. ಅಲ್ಲಿ ‘ಮನೆ ತುಂಬಿಸಿಕೊಳ್ಳು’ ಎಂದರೆ ತಪ್ಪೇನು?

ನ್ಯಾಯಾಲಯದ ಪ್ರಯೋಗ ಬೇರೆಯೇ ಲೆಕ್ಕ. ಅಲ್ಲಿ ಆರೋಪ ಷಷ್ಠಿ ವಿಭಕ್ತಿಯಲ್ಲಿ ಬರುತ್ತದೆ, ಅರ್ಥ ‘ಮೊಕದ್ದಮೆ ಹೂಡು’. ಇತಿಹಾಸಕಾರ ಸಲ್ಲುಸ್ತನ ‘ಜುಗುರ್ಥ ಯುದ್ಧ’ ಗ್ರಂಥದಲ್ಲಿ (32) ‘ಪೆಕೂನಿಐ ಕಪ್ತೈ’ ಎಂದರೆ ಅಕ್ಷರಶಃ ‘ತೆಗೆದುಕೊಂಡ ಹಣದ’, ಅಂದರೆ ಲಂಚದ ಆರೋಪ. ಇದನ್ನು ‘ಹಣ ತರಿಸಿದನು’ ಎಂದು ಓದಿದರೆ ಇಡೀ ಪುಟ ಹಾಳು. ಪರೀಕ್ಷೆ ಸುಲಭ: ಕ್ರಿಯಾಪದದ ಕರ್ಮ ಮನುಷ್ಯನಾಗಿದ್ದು, ಜೊತೆಗೆ ಅಪರಾಧದ ಹೆಸರು ಷಷ್ಠಿಯಲ್ಲಿದ್ದರೆ ನೀವು ಕೋರ್ಟಿನಲ್ಲಿದ್ದೀರಿ. ಸಿಸೆರೊ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದ 2.51ರಲ್ಲಿ ಹೇಳುವ ‘ಯೂದಿಕಿಓ ಕಪಿತಿಸ್’ ಎಂಬುದನ್ನು ‘ತಲೆದಂಡದ ಮೊಕದ್ದಮೆ’ ಎನ್ನುತ್ತೇನೆ. ನಿರಪರಾಧಿಯ ಮೇಲೆ ಅದನ್ನು ಎಂದೂ ಹೂಡಬೇಡ ಎಂಬುದು ಅಲ್ಲಿನ ಮಾತು. ರೋಮಿನಲ್ಲಿ ‘ಕಪುತ್’ ಹೋಗುವುದೆಂದರೆ ಯಾವಾಗಲೂ ಪ್ರಾಣ ಹೋಗುವುದಲ್ಲ, ಪೌರತ್ವ ಹೋಗುವುದೂ ಹೌದು. ಅಡಿಟಿಪ್ಪಣಿ ಕೊಡಿ.

ನೆರೆಹೊರೆಯ ಪದಗಳನ್ನು ಬೇಗ ಮುಗಿಸುತ್ತೇನೆ. ‘ವೊಕೋ’ ಬಾಯಿಂದ ಕರೆಯುವುದು. ರೋಮಿನ ಹಳೆಯ ಹನ್ನೆರಡು ಹಲಗೆಗಳ ಕಾನೂನಿನ ‘ಸೀ ಇನ್ ಯೂಸ್ ವೊಕತ್, ಈತೋ’ ಎಂಬುದಕ್ಕೆ ನಮ್ಮ ಕಾಯಿದೆಯ ಕನ್ನಡ ಹೇಳಿ ಮಾಡಿಸಿದಂತಿದೆ: ‘ನ್ಯಾಯಸ್ಥಾನಕ್ಕೆ ಕರೆದರೆ ಹೋಗತಕ್ಕದ್ದು.’ ಅದರ ಮಗು ‘ಅದ್ವೊಕಾತುಸ್’, ಪಕ್ಕಕ್ಕೆ ನಿಲ್ಲಲು ಕರೆದ ಗೆಳೆಯ, ಈಗ ನಮ್ಮ ಬೀದಿಬೀದಿಯ ಬೋರ್ಡುಗಳಲ್ಲಿ ಅಡ್ವೊಕೇಟ್ ಆಗಿದ್ದಾನೆ. ‘ಅಕ್ಕಿಓ’ ನಾಲ್ಕನೇ ಗಣ, ಅರ್ಕೆಸ್ಸೋಗೆ ತೀರ ಹತ್ತಿರ, ಇತಿಹಾಸಕಾರ ಲಿವಿಯಲ್ಲಿ (1.56) ರೋಮಿನ ದೊರೆ ತಾರ್ಕ್ವಿನನು ದೇವಸ್ಥಾನಕ್ಕಾಗಿ ಎತ್ರೂರಿಯದಿಂದ ಕುಶಲಕರ್ಮಿಗಳನ್ನು ಕರೆಸಿದ್ದು ಇದರಿಂದ. ‘ಕಿತೋ’ ಹೆಸರು ಕೂಗಿ ಕರೆಯುವುದು, ಸಾಮಾನ್ಯವಾಗಿ ಡಂಗುರದವನ ಬಾಯಲ್ಲಿ. ಕೋರ್ಟಿನ ‘ಸಮನ್ಸ್’ ಮಾತ್ರ ಈ ಯಾವುದಕ್ಕೂ ನೆಂಟನಲ್ಲ. ಅದರ ಮೂಲ ‘ಸುಬ್ಮೊನೆಓ’, ಹಿಂದೆ ಅದಕ್ಕೆ ಇದ್ದ ಅರ್ಥ ‘ಮೆಲ್ಲಗೆ ಸೂಚಿಸು’.

‘ಅರ್ಕೆಸ್ಸೀತುಸ್’ ವಿಶೇಷಣವಾದಾಗ ‘ಎಳೆದು ತಂದ’. ವಾಗ್ಮಿಯ ಬಗ್ಗೆ ಬರೆಯುತ್ತಾ ಸಿಸೆರೊ (2.256) ಎಚ್ಚರಿಸುತ್ತಾನೆ, ಚಾಟು ಮಾತು ಎಳೆದು ತಂದದ್ದೆಂದು ಕೇಳುವವರಿಗೆ ಅನ್ನಿಸಬಾರದು. ವರ್ಜಿಲನ ‘ಈನಿಯಡ್’ ಮಹಾಕಾವ್ಯದ ಹತ್ತನೇ ಪುಸ್ತಕದ 11ನೇ ಸಾಲಿನಲ್ಲಿ ಇದೇ ಒತ್ತಾಯ ಕಾಲಕ್ಕೆ ಅನ್ವಯಿಸುತ್ತದೆ. ಯುದ್ಧಕ್ಕೆ ತಕ್ಕ ಸಮಯ ‘ಅದ್ವೆನಿಎತ್’, ತಾನಾಗಿ ಬರುತ್ತದೆ, ‘ನೇ ಅರ್ಕೆಸ್ಸಿತೆ’, ನೀವು ಬರಿಸಬೇಡಿ. ಬರುವುದು, ಬರಿಸುವುದು: ಹೀಗೆ ಹೇಳುವ ದೇವರಾಜ ಜುಪಿಟರನ ಮಾತಿನ ಬಿಗಿ ಈ ಎರಡು ಪದಗಳ ಮೇಲೆಯೇ ನಿಂತಿದೆ, ಕನ್ನಡದಲ್ಲಿ ಅದನ್ನು ಹಾಗೆಯೇ ಉಳಿಸಿಕೊಳ್ಳಬಹುದು. ‘ನೇ’ ಜೊತೆ ನೇರ ಆಜ್ಞಾರ್ಥ ಕಾವ್ಯದ ರೂಢಿ, ಗದ್ಯ ಬರೆಯುವಾಗ ಅನುಕರಿಸಬೇಡಿ.

ಅಭ್ಯಾಸಕ್ಕೆ ನಾನು ಕೊಡುವುದು ಲ್ಯಾಟಿನ್ ಬೈಬಲಿನ ಅಪೊಸ್ತಲರ ಕೃತ್ಯಗಳು, 10ನೇ ಅಧ್ಯಾಯ. ಕೈಸರೈಯದ ಕೊರ್ನೇಲಿ ಯೊಪ್ಪಕ್ಕೆ ಜನ ಕಳಿಸಿ ಪೇತ್ರನನ್ನು ಕರೆಸಿಕೊಳ್ಳುವ ಪ್ರಸಂಗ. ಕಳಿಸುವುದೂ ಕರೆಸುವುದೂ ಅಕ್ಕಪಕ್ಕದಲ್ಲೇ ಇವೆ. ಆದರೆ ಇಲ್ಲಿ ಕ್ರಿಯಾಪದ ಪೂರ್ತಿ ನಾಲ್ಕನೇ ಗಣಕ್ಕೆ ಜಾರಿದೆ. 5 ಮತ್ತು 32ನೇ ವಚನಗಳ ‘ಅಕ್ಕೆರ್ಸೀ’ ಆಜ್ಞಾರ್ಥ, ‘ಕರೆಸು’. ಹಳೆಯ ಲ್ಯಾಟಿನ್ನಿನಲ್ಲಿ ಅದೇ ಅಕ್ಷರಗಳು ‘ಕರೆಸಲ್ಪಡುವುದು’ ಎಂದಾಗುತ್ತಿದ್ದವು. 22ರಲ್ಲಿ ‘ಅಕ್ಕೆರ್ಸೀರೆ’, 29ರಲ್ಲಿ ‘ಅಕ್ಕೆರ್ಸೀತುಸ್’ ಮತ್ತು ‘ವಿ’ ನುಂಗಿದ ‘ಅಕ್ಕೆರ್ಸೀಸ್ತಿಸ್’. ಚರ್ಚಿನ ಉಚ್ಚಾರಣೆಯಲ್ಲಿ ಓದುವವರು ಇವನ್ನೆಲ್ಲ ‘ಚೆ’ ಎಂದು ಓದುತ್ತಾರೆ, ‘ಅಚ್ಚೆರ್ಸಿ’ ಎಂದು ಕೇಳಿಸಿದರೆ ಬೇರೆ ಪದವೆಂದು ನಿಘಂಟು ತೆಗೆಯಬೇಡಿ. ಐದೂ ರೂಪಗಳ ಕೆಳಗೆ ಗೆರೆ ಎಳೆದು, ಪ್ರತಿಯೊಂದರ ಸೀಸರ್ ಕಾಲದ ರೂಪವನ್ನು ಪಕ್ಕದಲ್ಲಿ ಬರೆಯಿರಿ.