ಬಾಜೂ ಹೊಲದವ ಬದು ಒತ್ತಿದ್ರ ದಾವಾ ಹಾಕೋದು ಹೆಂಗ?

ತೊಗರಿ ರಾಶಿ ಮುಗೀತಂದ್ರ ನಮ್ಮ ಕಲಬುರಗಿ ಕಡಿ ಬದುವಿನ ಜಗಳ ಶುರು. ಬಾಜೂದವ ಟ್ರ್ಯಾಕ್ಟರ್ ಹೊಡಿಯೋ ಮುಂದ ಎರಡು ಸಾಲು ಒಳಗ ಬಂದಿರ್ತಾನ, ಕೇಳಿದ್ರ ‘ನಮ್ಮಪ್ಪನ ಕಾಲದಿಂದ ಇಲ್ಲೇ ಅದ’ ಅಂತಾನ. ಹಿರಿಯರು ಕುಂತು ಹೇಳಿದ್ರೂ ಬಗೆಹರಿಲಿಲ್ಲಂದ್ರ ಕೋರ್ಟೇ ಗತಿ.

ಆದ್ರ ಮೊದಲ ಅರ್ಜಿ ಕೊಟ್ಟು ಹದ್ದುಬಸ್ತು, ಅಂದ್ರ ಹೊಲದ ಗಡಿ ಅಳತಿ, ಮಾಡಿಸ್ರಿ. ಸರ್ವೇಯರ್ ಅಳೆದು ನಕ್ಷೆ ಕೊಟ್ಟಾಗಷ್ಟೇ ಎಷ್ಟು ಗುಂಟೆ ಹೋಗ್ಯಾದ ಅಂತ ಖರೆ ತಿಳಿಯೋದು. ಜೋಡಿಗಿ ಪಹಣಿ, ಮುಟೇಶನ್, ಖರೀದಿ ಪತ್ರದ ಸರ್ಟಿಫೈಡ್ ಕಾಪಿ ಇಟ್ಕೋರಿ. ದಾವಾ ಹೊಲ ಇದ್ದಲ್ಲೇ, ನೀವು ಬೆಂಗಳೂರಾಗ ನೌಕರಿ ಮಾಡಿದ್ರೂ ಹೊಲ ಆಳಂದದ್ದಾದ್ರ ಆಳಂದಕ್ಕೇ ಬರಬೇಕು. ಹೆಣ್ಮಕ್ಕಳು, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಪುಕ್ಕಟೆ ಸಿಗ್ತಾರ.

ಇನ್ನ ದಾವಾಪತ್ರ. ವಕೀಲರು ‘ಇಲ್ಲಿ ಸಹಿ ಹಾಕ್ರಿ’ ಅಂದ ಕೂಡ್ಲೇ ಹಾಕಿಬಿಡ್ತೀವಲ್ರೀ, ಅಲ್ಲೇ ಎಡವೋದು. ಕೊನೀಗಿನ ಶೆಡ್ಯೂಲ್ (ಹೊಲದ ವಿವರ) ಬೆರಳಿಟ್ಟು ಓದ್ರಿ, ಸರ್ವೇ ನಂಬರ್, ಎಕರೆ ಗುಂಟೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿಗೆ ಏನದ ಅನ್ನೋದು). ನಾ ನೋಡಿದ ಒಂದರಾಗ ಪೂರ್ವಕ್ಕಿದ್ದ ಹಳ್ಳ ಪಶ್ಚಿಮಕ್ಕ ಹರಿದಿತ್ತು! ಅದನ್ನ ತಿದ್ದಾಕ ಬ್ಯಾರೆ ಅರ್ಜಿ, ಅದಕ್ಕ ಎದುರಿನವರ ತಕರಾರು, ಮತ್ತ ತಾರೀಖು. ಏನು ಕೇಳೀರಿ ಅನ್ನೋದೂ ನೋಡ್ರಿ. ಜಾಗ ಆಗಲೇ ಅವನ ಕೈಯಾಗ ಅದ ಅಂದ್ರ ಬರೀ ‘ಒಳಗ ಬರಬಾರದು’ ಅಂತ ಇಂಜಂಕ್ಷನ್ (ತಡೆಯಾಜ್ಞೆ) ಕೇಳಿದ್ರ ಸಾಲಂಗಿಲ್ಲ, ಸ್ವಾಧೀನ ವಾಪಸ್ ಕೊಡಿಸ್ರಿ ಅಂತನೂ ಕೇಳಬೇಕು, ಮಾಲ್ಕಿ ಬಗ್ಗೆನೇ ತಕರಾರಿದ್ರ ಹಕ್ಕಿನ ಘೋಷಣೆನೂ. ಬಿಟ್ಟದ್ದನ್ನ ಆಮ್ಯಾಲೆ ಬ್ಯಾರೆ ದಾವಾ ಹಾಕಿ ಕೇಳಾಕ ಹೋದ್ರ 1908ರ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 2 ರೂಲ್ 2 ಅಡ್ಡ ಬರ್ತದ. ಸ್ವಾಧೀನ ಕೇಳಾಕ 12 ವರ್ಷದ ಗಡುವು ಅದ, ನೋಡೋಣು ನೋಡೋಣು ಅಂತ ಕುಂದರಬ್ಯಾಡ್ರಿ.

ಕೋರ್ಟ್ ಫೀ ಕಟ್ಟಿ ಕೊಟ್ರ ಆಫೀಸಿನವರು ತಪಾಸ ಮಾಡ್ತಾರ, ಸರಿ ಇದ್ರ ಓಎಸ್ ನಂಬರ್ (ಸಿವಿಲ್ ದಾವಾದ ನಂಬರ್) ಬೀಳ್ತದ. ಕೇಸಿನ ಗುರುತಿಗಿರೋ 16 ಅಕ್ಷರದ ಸಿಎನ್‌ಆರ್ ನಂಬರ್ ಬರ್ಕೊಂಡ್ರ ತಾರೀಖು ಮೊಬೈಲಿನಾಗೇ ಕಾಣ್ತದ. ಕೇಸ್ ಮುಗಿಯೋತನಕ ಅವ ಇನ್ನೂ ಒಳಗ ಬರಬಾರದಂದ್ರ ತಾತ್ಕಾಲಿಕ ತಡೆಯಾಜ್ಞೆಗೆ ಐಎ (ಮಧ್ಯಂತರ) ಅರ್ಜಿನೂ ಈಗೇ ಹಾಕ್ರಿ. ಸ್ಟೇ ಸಿಕ್ಕಿತಂದ್ರ ಕೇಸ್ ಗೆದ್ದಂಗಲ್ಲ, ಪೇಢೆ ಹಂಚೋದು ತಡೀರಿ.

ಆಮ್ಯಾಲೆ ಸಮನ್ಸ್. ಅವ ತಗೊಳ್ಳಾಕ ಒಲ್ಲೆ ಅಂದ್ರೂ ಮುಟ್ಟಿದಂಗೇ ಲೆಕ್ಕ. ಸಮನ್ಸ್ ಮುಟ್ಟಿದ 30 ದಿನದಾಗ ಅವ ವಕಾಲತ್ತು ಹಾಕಿ ಲಿಖಿತ ಹೇಳಿಕೆ ಕೊಡಬೇಕು, ಜಡ್ಜ್ ಸಾಹೇಬರು 90ರತನಕ ಬಿಡಬಹುದು. ಬರದೇ ಹೋದ್ರ ಎಕ್ಸ್‌ಪಾರ್ಟಿ, ಅಂದ್ರ ಅವನ್ನ ಬಿಟ್ಟೇ ಕೇಸ್ ನಡೀತದ. ಮಧ್ಯ ರಾಜಿಗೆ ಕಳಿಸ್ತಾರ, ಲೋಕ ಅದಾಲತ್‌ನಾಗ ಮುಗಿದ್ರ ಕೋರ್ಟ್ ಫೀ ವಾಪಸ್, ಅಪೀಲಿನ ತಿರುಗಾಟನೂ ಇಲ್ಲ. ರಾಜಿ ಆಗಲಿಲ್ಲಂದ್ರ ನೀವು ಹೌದಂದದ್ದು ಅವ ಅಲ್ಲಂದದ್ದು ಜೋಡಿಸಿ ಇಶ್ಯೂಸ್ (ಕೋರ್ಟ್ ತೀರ್ಮಾನಿಸಬೇಕಾದ ಪ್ರಶ್ನೆಗಳು) ಫ್ರೇಮ್ ಮಾಡ್ತಾರ, ನೀವು ಸಾಕ್ಷಿ ಅಫಿಡವಿಟ್ ಕೊಟ್ಟು ಕಟಕಟೆ ಹತ್ತತೀರಿ. ಎದುರಿನ ವಕೀಲರು ಕನ್ನಡಕ ಸರಿ ಮಾಡ್ಕೊಂಡು ಪಾಟೀಸವಾಲು ಶುರು ಮಾಡ್ತಾರ: ‘ಹೇಳ್ರಿ ಯಜಮಾನ್ರೇ, ನಿಮ್ಮ ಹೊಲದ ಪೂರ್ವಕ್ಕ ಏನದ?’