ಮುಚ್ಚಿಹೋದ ರೈಲು ಮಾರ್ಗದ ಚರಿತ್ರೆ ಹುಡುಕುವುದು ಹೇಗೆ?

ಹಳಿ ಕಿತ್ತು ಎಷ್ಟೋ ವರ್ಷ ಆದರೂ ಗುರುತು ನೆಲದಲ್ಲಿ ಉಳಿದಿರುತ್ತದೆ. ಮೊದಲು ಉಪಗ್ರಹ ನಕ್ಷೆ ತೆಗೆಯಿರಿ. ಹೊಲಗಳ ನಡುವೆ ನೇರವಾಗಿ ಹೋಗಿ, ತುಂಬಾ ನಿಧಾನವಾಗಿ ಬಾಗುವ ಗೆರೆ ಕಂಡರೆ ಬಿಡಬೇಡಿ, ಯಾಕೆಂದರೆ ರೈಲು ರಸ್ತೆಯ ಹಾಗೆ ಗಕ್ಕನೆ ತಿರುಗಲಾರದು, ಕಡಿದಾದ ದಿಣ್ಣೆಯನ್ನೂ ಹತ್ತಲಾರದು. ಅದಕ್ಕೇ ತಗ್ಗಿನಲ್ಲಿ ಮಣ್ಣಿನ ಏರಿ ಹಾಕಿರುತ್ತಾರೆ. ಆಮೇಲೆ ಹಳೆಯ ಸರ್ವೆ ನಕ್ಷೆ ಜೊತೆ ಹೋಲಿಸಿ.

ನನಗೆ ಎಲ್ಲಕ್ಕಿಂತ ಇಷ್ಟ ಹಳೆಯ ವೇಳಾಪಟ್ಟಿಗಳು. ವರ್ಷದ ಪ್ರಕಾರ ಜೋಡಿಸಿ ನೋಡಿದರೆ, ದಿನಕ್ಕೆ ನಾಲ್ಕು ಇದ್ದ ಗಾಡಿ ಎರಡಾಗಿ, ಒಂದಾಗಿ, ಮಾರ್ಗ ಸೊರಗಿದ್ದು ಕಣ್ಣಿಗೇ ಕಾಣುತ್ತದೆ. ಬಸ್ಸು, ಲಾರಿ ಬಂದ ಮೇಲೆ ಹೀಗಾದದ್ದೇ ಜಾಸ್ತಿ. ಬ್ರಿಟನ್ನಿನಲ್ಲಿ ರೈಲ್ವೆ ಮಂಡಳಿಯ ಅಧ್ಯಕ್ಷ ಬೀಚಿಂಗ್ ಅವರ 1963ರ ವರದಿ 2,363 ನಿಲ್ದಾಣ ಮುಚ್ಚಲು ಹೇಳಿತ್ತು. ಆದರೆ ಶಿಫಾರಸು ಬೇರೆ, ಕೊನೆಯ ಗಾಡಿ ಓಡಿದ ದಿನ ಬೇರೆ ಅಲ್ವಾ? ಪ್ರಯಾಣಿಕರ ಗಾಡಿ ನಿಂತ ಮೇಲೂ ಗೂಡ್ಸ್ ಓಡಿರಬಹುದು. ಎರಡು ತಾರೀಕನ್ನೂ ಬೇರೆ ಬೇರೆ ಬರೆದಿಡಿ.

ಜಾಗಕ್ಕೆ ಹೋದಾಗ ಮೋರಿಗಳನ್ನು ನೋಡಿ, ಕೆಲವೊಮ್ಮೆ ಕಲ್ಲಿನ ಮೇಲೆ ಕಟ್ಟಿದ ವರ್ಷ ಕೆತ್ತಿರುತ್ತಾರೆ. ಜಮೀನು ಖಾಸಗಿ ಆಗಿದ್ದರೆ ಕೇಳಿಯೇ ಒಳಗೆ ಹೋಗಿ. ಆ ಮಾರ್ಗದಲ್ಲಿ ಕೆಲಸ ಮಾಡಿದವರು ಯಾರಾದರೂ ಸಿಕ್ಕರೆ ಮಿಕ್ಕಿದ್ದೆಲ್ಲ ಬದಿಗಿಟ್ಟು ಅವರ ಹತ್ತಿರ ಕೂತುಕೊಳ್ಳಿ. ನಕ್ಷೆ ಕೈಗೆ ಕೊಟ್ಟು, ಸಿಗ್ನಲ್ ಎಲ್ಲಿತ್ತು, ಇಂಜಿನ್ನಿಗೆ ನೀರು ತುಂಬುತ್ತಿದ್ದದ್ದು ಎಲ್ಲಿ ಅಂತ ಕೇಳಿ, ಅವರು ಒಪ್ಪಿದರೆ ರೆಕಾರ್ಡ್ ಮಾಡಿಕೊಳ್ಳಿ.