ಕುಗ್ಗಿದ 16 ಎಂಎಂ ಪ್ರಿಂಟಿಂದ ಶೂಬರ್ಟ್ ಸಿನಿಮಾ ತೆಗೆದಿದ್ದು – ನನ್ನ ಅನುಭವ

ಪ್ರಿಂಟ್ ಸತ್ತಿದೆ, ಗುಜರಿಗೆ ಹಾಕಪ್ಪ ಅಂದೋರೇ ಜಾಸ್ತಿ. ಆಸ್ಟ್ರಿಯಾದ ಸಂಗೀತಗಾರ ಶೂಬರ್ಟ್ ಮೇಲೆ ವಿಲ್ಲಿ ಫೋರ್ಸ್ಟ್ 1933ರಲ್ಲಿ ಮಾಡಿದ ಸಿನಿಮಾ, ದೊಡ್ಡಮನೆಗೆ ಸಂಗೀತದ ಮೇಷ್ಟ್ರಾಗಿ ಹೋದ ಶೂಬರ್ಟ್ ಆ ಮನೆ ಹುಡುಗಿ ಕ್ಯಾರೊಲಿನ್ ಮೇಲೇ ಮನಸಿಡೋ ಕಥೆ, ಎರಡು ದೊಡ್ಡ ರೀಲು, ಡಬ್ಬಿ ತೆಗೆದ್ರೆ ಫಿಲ್ಮ್ ಹಾಳಾಗ್ತಿದೆ ಅನ್ನೋ ವಿನಿಗರ್ ವಾಸನೆ ಮೂಗಿಗೆ ಹೊಡೀತಿತ್ತು. 100 ಫ್ರೇಮ್ ಅಳೆದ್ರೆ 762 ಮಿಲಿಮೀಟರ್ ಇರ್ಬೇಕಾದ್ದು 752ರ ಹತ್ರ ಬಂತು. ಇದನ್ನ ಪ್ರೊಜೆಕ್ಟರ್‌ಗೆ ಹಾಕೋದುಂಟಾ, ಫಿಲ್ಮನ್ನ ಎಳೆಯೋ ಕ್ಲಾ ಅನ್ನೋ ಕೊಕ್ಕೆ ಅಂಚಿನ ತೂತನ್ನೆಲ್ಲ ಹರಿದು ಹಾಕುತ್ತೆ. ಬೆಂಗಳೂರಲ್ಲಿ ಒಂದ್ಕಡೆ ಸ್ಕ್ಯಾನಿಂಗಿಗೆ ಕೇಳ್ದೆ, ಅವ್ರು ಹೇಳಿದ ರೇಟಿಗೆ ಸೆಕೆಂಡ್‌ಹ್ಯಾಂಡ್ ಬೈಕೇ ಬರ್ತಿತ್ತು, ಅದ್ರಲ್ಲೂ ಸೌಂಡಿಗೆ ಗ್ಯಾರಂಟಿ ಇಲ್ವಂತೆ.

ಹಲ್ಲೇ ಬೇಡ ಅಂತ ಹಳೇ ಪ್ರೊಜೆಕ್ಟರ್‌ನ ಕ್ಲಾ, ಸ್ಪ್ರಾಕೆಟ್ ಅನ್ನೋ ಹಲ್ಲಿನ ಚಕ್ರ ಎಲ್ಲ ಬಿಚ್ಚಾಕಿ ರಬ್ಬರ್ ರೋಲರ್ ಕೂರಿಸ್ದೆ. ಮೋಟರ್ ತುಮಕೂರು ಮಂಡಿಪೇಟೆ ಗುಜರೀಲಿ ಸಿಕ್ಕ ಪ್ರಿಂಟರ್‌ದು, ಇನ್ನೂರೋ ಇನ್ನೂರೈವತ್ತೋ ಕೊಟ್ಟಿದ್ದು. ರೋಲರ್ ಅಂತರಸನಹಳ್ಳೀಲಿ ಲೇತ್ ಮಾಡ್ಸಿದ್ದು, ಮೂರ್ನಾಲ್ಕು ಎಸೆದೆ, ಸೈಕಲ್ ಟ್ಯೂಬ್ ಸುತ್ತಿದ್ರೆ ಜಾರುತ್ತೆ, ಸಿಲಿಕೋನ್ ಆದ್ರೆ ಧೂಳೆಲ್ಲ ಅದಕ್ಕೇ ಅಂಟುತ್ತೆ. ಈಗಿರೋ ರಬ್ಬರ್ ಯಾವ್ದು ಅಂತ ಮಾತ್ರ ಕೇಳ್ಬೇಡಿ. ತೂತು ಬಂದಾಗ ಲೇಸರ್ ಓದುತ್ತೆ, ಕ್ಯಾಮೆರಾ ಕ್ಲಿಕ್. ದುಡ್ಡು ತಿಂದಿದ್ದು ಕ್ಯಾಮೆರಾ, ಮ್ಯಾಕ್ರೋ ಲೆನ್ಸು, ಎಲ್ಲ ಸೇರಿ ನಲವತ್ತು ಸಾವಿರದ ಆಸುಪಾಸು.

ಮೋಟರ್ ಜಗ್ಗುತ್ತೆ, ಹಾಡೆಲ್ಲ ಅಲ್ಲಾಡುತ್ತೆ ಅಂದ್ರು. ಅಲ್ಲಾಡಲ್ಲ ಸ್ವಾಮಿ! ಫಿಲ್ಮ್ ಅಂಚಲ್ಲಿರೋ ಸೌಂಡ್ ಟ್ರ್ಯಾಕ್ ಗೆರೇನೂ ಫೋಟೋದಲ್ಲೇ ಹಿಡಿದು, ಫೋಟೋ ಓದಿ ಸದ್ದು ಮಾಡೋ ಎಇಒ-ಲೈಟ್ ಸಾಫ್ಟ್‌ವೇರಿಗೆ ಕೊಟ್ಟೆ, ಒಂದು ಫ್ರೇಮ್ ಅಂದ್ರೆ ಸೆಕೆಂಡಿನ 24ನೇ ಒಂದು ಭಾಗ ಅಷ್ಟೇ, ಮೋಟರ್ ಕುಂಟಿದ್ರೇನು ಫಿಲ್ಮ್ ಕುಗ್ಗಿದ್ರೇನು. ಜೀವ ತಿಂದಿದ್ದು ಫ್ರೇಮಿಗೆ ಫ್ರೇಮ್ ಸೇರೋ ಕಡೆ ಬರೋ ಗುರ್ರ್ ಸದ್ದು, ಸಂಗೀತ ಮೆಲ್ಲಗಾದಾಗ ಗುರ್ರ್ ಒಂದೇ ಕೇಳೋದು. ಎಲ್‌ಇಡಿ ಮುಂದೆ ಹಾಲುಬಿಳಿ ಅಕ್ರಿಲಿಕ್ ಹಾಕಿ ಅಂಚಿನ ಬೆಳಕು ಸಮ ಮಾಡ್ದೆ, ಮುಕ್ಕಾಲು ಹೋಯ್ತು, ಉಳಿದ ಕಾಲು ಹೋಗ್ಸಿದ್ದು ಹೇಗೆ ಅನ್ನೋದು ನನ್ನ ಹತ್ರಾನೇ ಇರ್ಲಿ. ಶ್ರುತಿ ಪೆಟ್ಟಿಗೆ ಏಳನೇ ಮನೆಗೆ, ಅಂದ್ರೆ ಬಿ ಸ್ವರಕ್ಕೆ ಇಟ್ಟು, ಶೂಬರ್ಟ್ ಅರ್ಧಕ್ಕೇ ಬಿಟ್ಟ ಬಿ ಮೈನರ್ ಸಿಂಫನಿ ಹಾಕಿದ್ರೆ ಷಡ್ಜ ಸರಿಯಾಗಿ ಕೂತ್ಕೊಂಡ್ತು.

ಮಧ್ಯೆ ಯಾರೋ ಹೇಳಿದ್ರು ಅಂತ ಒಂದು ಹಾಳು ತುಂಡನ್ನ ಕರ್ಪೂರದ ಜೊತೆ ಡಬ್ಬೀಲಿಟ್ಟೆ. ಗುಡಿ ವಾಸನೆ ಬಂತೇ ಹೊರತು ಒಂದು ಮಿಲಿಮೀಟರೂ ಹಿಗ್ಗಲಿಲ್ಲ.

ಸಿನಿಮಾದ ಕಥೆ ಅರ್ಧ ಕಟ್ಟಿದ್ದು ಬಿಡಿ. ಸಿಂಫನಿ ಅರ್ಧಕ್ಕೆ ನಿಂತಿದ್ದಕ್ಕೂ ಪ್ರೀತಿಗೂ ಗಂಟು ಹಾಕಿದಾರೆ, ನಿಜವಾಗ್ಲೂ ಕ್ಯಾರೊಲಿನ್‌ಗೆ ಶೂಬರ್ಟ್ ಅರ್ಪಿಸಿದ್ದು 1828ರ ಎಫ್ ಮೈನರ್ ಫ್ಯಾಂಟಸಿ, ಇಬ್ರು ಒಂದೇ ಪಿಯಾನೋ ಮುಂದೆ ಒತ್ತಿಕೊಂಡು ಕೂತು ನುಡಿಸೋದು. ಗುಟ್ಟಿನ ಪ್ರೀತಿಗೆ ಇದಕ್ಕಿಂತ ಸಾಕ್ಷಿ ಬೇಕಾ? ಅದೇ ವರ್ಷ 31ಕ್ಕೇ ತೀರ್ಕೊಂಡ.

16 ಎಂಎಂ ಫಿಲ್ಮಲ್ಲಿ ಸೌಂಡು ಚಿತ್ರಕ್ಕಿಂತ 26 ಫ್ರೇಮ್ ಮುಂದಿರುತ್ತೆ, ಅಷ್ಟು ಜರುಗಿಸಿದ್ಮೇಲೆ ತುಟಿ, ಮಾತು ಒಂದಾಯ್ತು. ಈಗ ಆ ಬೆಂಗಳೂರಿನವ್ರೇ ಮೆಷೀನ್ ಬಾಡಿಗೆಗೆ ಕೊಡ್ತೀರಾ ಅಂತ ಕೇಳ್ತಿದಾರೆ. ರೇಟ್ ಇನ್ನೂ ಹೇಳಿಲ್ಲ.